ಮೀನಿನ ಲಿವರ್‌ನಲ್ಲಿ ಆರ್ಗನೋಕ್ಲೋರಿನ್ ಏಟು: ಎಸ್‌ಒಡಿ, ಕ್ಯಾಟಲೇಸ್ ಅಳೆಯುವುದು ಹೇಗೆ, ಅರ್ಥ ಮಾಡಿಕೊಳ್ಳುವುದು ಹೇಗೆ

ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಪರಿಸರ ವಿಜ್ಞಾನದ ಎಂಎಸ್ಸಿ ಪ್ರಾಜೆಕ್ಟ್‌ಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: "ಕೀಟನಾಶಕ ತಾಗಿದ ಮೀನಿನಲ್ಲಿ ಕ್ಯಾಟಲೇಸ್ ಕಡಿಮೆಯಾಗಿದೆ, ಆದ್ದರಿಂದ ಆಕ್ಸಿಡೇಟಿವ್ ಸ್ಟ್ರೆಸ್ ಇದೆ." (ಕ್ಯಾಟಲೇಸ್, ಎಸ್‌ಒಡಿ ಎರಡೂ ಉಗ್ರ ಆಮ್ಲಜನಕ ರೂಪಗಳ ಪೆಟ್ಟಿನಿಂದ ಜೀವಕೋಶವನ್ನು ಕಾಯುವ ಕಿಣ್ವಗಳು. ಆ ಪೆಟ್ಟು ರಕ್ಷಣೆಯನ್ನು ಮೀರುವುದೇ ಆಕ್ಸಿಡೇಟಿವ್ ಸ್ಟ್ರೆಸ್.) ಪಕ್ಕದ ಪ್ರಾಜೆಕ್ಟ್ ತೆಗೆದು ನೋಡಿದರೆ, "ಕ್ಯಾಟಲೇಸ್ ಜಾಸ್ತಿಯಾಗಿದೆ, ಆದ್ದರಿಂದ ಆಕ್ಸಿಡೇಟಿವ್ ಸ್ಟ್ರೆಸ್ ಇದೆ." ಏರಿದರೂ ಅದೇ ತೀರ್ಮಾನ, ಇಳಿದರೂ ಅದೇ ತೀರ್ಮಾನ. ಹಾಗಾದರೆ ಅಳೆದದ್ದು ಯಾಕೆ ಅಂತ ಪರೀಕ್ಷಕರು ಕೇಳಿದರೆ ಉತ್ತರ ಇರುವುದಿಲ್ಲ.

ವಿಚಿತ್ರ ಅಂದರೆ ಎರಡೂ ಸರಿ ಇರಬಹುದು. ಆದರೆ ಯಾವಾಗ ಸರಿ ಅಂತ ಹೇಳಬೇಕಾದರೆ ಒಂದು ಕಿಣ್ವದ ಒಂದು ಸಂಖ್ಯೆ ಸಾಲದು. ಜೊತೆಗೆ ಇನ್ನೆರಡು ಮೂರು ಅಳತೆ ಬೇಕು, ಸಮಯ ಗೊತ್ತಿರಬೇಕು, ಮಾದರಿ ಹಾಳಾಗದೆ ಲ್ಯಾಬ್ ಸೇರಿರಬೇಕು. ಅದನ್ನು ಸಾಧಾರಣ ಕಾಲೇಜ್ ಲ್ಯಾಬ್‌ನಲ್ಲಿ ಮಾಡುವುದು ಹೇಗೆ ಅನ್ನುವುದೇ ಈ ಲೇಖನ. ಉದಾಹರಣೆಗೆ ಕೆರೆ ಮೀನನ್ನು ತೆಗೆದುಕೊಂಡಿದ್ದೇನೆ.

ಮೊದಲು ವಿಷದ ಗುಣ ತಿಳಿದಿರಲಿ

ಡಿಡಿಟಿ, ಲಿಂಡೇನ್, ಡೈಎಲ್ಡ್ರಿನ್, ಎಂಡೋಸಲ್ಫಾನ್, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ, ಇವೆಲ್ಲ ಆರ್ಗನೋಕ್ಲೋರಿನ್‌ಗಳು. ಇಂಗಾಲದ ಚೌಕಟ್ಟಿಗೆ ಕ್ಲೋರಿನ್ ಅಂಟಿಕೊಂಡಿರುತ್ತದೆ. ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಬೇಗ ಒಡೆಯುವುದೂ ಇಲ್ಲ. ಡಿಡಿಟಿ ಒಂದು ಲೀಟರ್ ನೀರಿನಲ್ಲಿ ಕರಗುವುದು ಕೆಲವೇ ಮೈಕ್ರೋಗ್ರಾಂ. ಅದಕ್ಕೇ ಅದು ಕೆರೆಯ ಕೆಸರಿನಲ್ಲಿ, ಮೀನಿನ ಕೊಬ್ಬಿನಲ್ಲಿ, ಲಿವರ್‌ನಲ್ಲಿ ಹೋಗಿ ಕೂರುತ್ತದೆ.

ಕನ್ನಡಿಗರಿಗೆ ಇವುಗಳಲ್ಲಿ ಜಾಸ್ತಿ ಪರಿಚಯ ಎಂಡೋಸಲ್ಫಾನ್. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ್ದು, ಆಮೇಲೆ ಕೊಕ್ಕಡ, ಪಟ್ರಮೆ ಕಡೆಯ ಜನ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದು ಗೊತ್ತಿರುವ ವಿಷಯ. 2011ರ ಏಪ್ರಿಲ್‌ನಲ್ಲಿ, ಬೇಗ ಒಡೆಯದ ವಿಷಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಮಾರುಕಟ್ಟೆಯ ಎಂಡೋಸಲ್ಫಾನ್ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳ ಮಿಶ್ರಣ, ಸುಮಾರು 7:3 ಪ್ರಮಾಣ. ಮಣ್ಣಿನಲ್ಲೂ ಪ್ರಾಣಿಯ ದೇಹದಲ್ಲೂ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗುತ್ತದೆ. ಆ ಸಲ್ಫೇಟ್ ಇನ್ನೂ ಜಾಸ್ತಿ ದಿನ ಉಳಿಯುತ್ತದೆ, ವಿಷವೂ ಕಡಿಮೆಯಾಗುವುದಿಲ್ಲ. ರಾಸಾಯನಿಕ ಪರೀಕ್ಷೆ ಮಾಡಿಸುವಾಗ ಆಲ್ಫಾ, ಬೀಟಾ ಮಾತ್ರ ಕೇಳಿ ಸಲ್ಫೇಟ್ ಬಿಟ್ಟರೆ ಹಳೇ ಮಾಲಿನ್ಯ ಕಣ್ಣಿಗೆ ಬೀಳುವುದೇ ಇಲ್ಲ.

ಲಿವರ್ ಒಳಗೆ ಏನಾಗುತ್ತದೆ

ಕೊಬ್ಬಿನಲ್ಲಿ ಕರಗುವ ವಸ್ತುವನ್ನು ಹೊರಗೆ ಹಾಕಬೇಕಾದರೆ ಲಿವರ್ ಅದನ್ನು ನೀರಿನಲ್ಲಿ ಕರಗುವ ಹಾಗೆ ಬದಲಿಸಬೇಕು. ಈ ಕೆಲಸದ ಮೊದಲ ಹಂತ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳದ್ದು. ಅವು ಆಮ್ಲಜನಕ ತೆಗೆದುಕೊಂಡು, ಎಲೆಕ್ಟ್ರಾನ್ ಕೊಟ್ಟು, ವಸ್ತುವಿಗೆ ಒಂದು ಆಮ್ಲಜನಕ ಪರಮಾಣು ಸೇರಿಸುತ್ತವೆ. ಆದರೆ ಕ್ಲೋರಿನ್ ತುಂಬಿದ ಅಣುವನ್ನು ಹಾಗೆ ಬದಲಿಸುವುದು ಕಷ್ಟ. ಕೆಲವು ಪಿಸಿಬಿಗಳು ಕಿಣ್ವದ ಒಳಗೆ ಹೋಗಿ ಕೂರುತ್ತವೆ, ಬದಲಾಗುವುದಿಲ್ಲ. ಆಗ ಎಲೆಕ್ಟ್ರಾನ್ ಹೋಗಬೇಕಾದ ಕಡೆ ಹೋಗದೆ ಆಮ್ಲಜನಕಕ್ಕೆ ಅಂಟಿಕೊಂಡು ಸೂಪರ್‌ಆಕ್ಸೈಡ್ ಎಂಬ, ಜೀವಕೋಶಕ್ಕೆ ಹಾನಿ ಮಾಡುವ ವಸ್ತುವಾಗಿ ಸೋರುತ್ತದೆ. ಅದೇ ವಿಷ ಪಿ450 ಕಿಣ್ವಗಳನ್ನು ಜಾಸ್ತಿ ತಯಾರಿಸುವಂತೆಯೂ ಜೀವಕೋಶವನ್ನು ಪ್ರಚೋದಿಸುತ್ತದೆ. ಕಿಣ್ವ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್ ಸಾಗುವ ದಾರಿ ಕೆಟ್ಟಾಗಲೂ ಇದೇ ಆಗುತ್ತದೆ.

ಸೂಪರ್‌ಆಕ್ಸೈಡನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುವುದು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಅಂದರೆ ಎಸ್‌ಒಡಿ. ಆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕ ಮಾಡುವುದು ಕ್ಯಾಟಲೇಸ್. ಪೆರಾಕ್ಸೈಡ್ ಸ್ವಲ್ಪವೇ ಇದ್ದರೆ, ಅಥವಾ ಕೊಬ್ಬಿನ ಪೆರಾಕ್ಸೈಡ್ ಇದ್ದರೆ, ಆ ಕೆಲಸ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮಾಡುತ್ತದೆ. ಅದಕ್ಕೆ ಗ್ಲುಟಾಥಯೋನ್ ಎಂಬ ಸಣ್ಣ ರಕ್ಷಕ ಅಣು ಬೇಕು. ಬಳಸಿದ ಗ್ಲುಟಾಥಯೋನನ್ನು ಮತ್ತೆ ಮೊದಲಿನಂತೆ ಮಾಡಲು ರಿಡಕ್ಟೇಸ್ ಬೇಕು. ವಿಷದ ತುಂಡುಗಳಿಗೆ ಗ್ಲುಟಾಥಯೋನ್ ಜೋಡಿಸಿ ಸಾಗಹಾಕುವುದು ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್. ಇದನ್ನು ಜಿಎಸ್‌ಟಿ ಅನ್ನುತ್ತಾರೆ, ಅಂಗಡಿ ಬಿಲ್ಲಿನ ಜಿಎಸ್‌ಟಿ ಅಲ್ಲ.

ಈಗ ಮುಖ್ಯ ವಿಷಯ. ಒತ್ತಡ ಸಣ್ಣದಿದ್ದರೆ ಜೀವಕೋಶ ಎಚ್ಚೆತ್ತುಕೊಳ್ಳುತ್ತದೆ. ಎನ್‌ಆರ್‌ಎಫ್2 ಎಂಬ ಪ್ರೋಟೀನ್ ನ್ಯೂಕ್ಲಿಯಸ್‌ಗೆ ಹೋಗಿ ರಕ್ಷಣೆಯ ಜೀನ್‌ಗಳನ್ನು ಆನ್ ಮಾಡುತ್ತದೆ. ಹೊಸ ಕಿಣ್ವ ತಯಾರಾಗಲು ಗಂಟೆಗಳಿಂದ ದಿನಗಳು ಬೇಕು. ಆಮೇಲೆ ಚಟುವಟಿಕೆ ಏರುತ್ತದೆ. ಒತ್ತಡ ದೊಡ್ಡದಾಗಿದ್ದರೆ, ಅಥವಾ ಬಹಳ ದಿನ ಎಳೆದರೆ, ಕಿಣ್ವಗಳೇ ಪೆಟ್ಟು ತಿನ್ನುತ್ತವೆ. ಸೂಪರ್‌ಆಕ್ಸೈಡ್ ಜಾಸ್ತಿಯಾದರೆ ಕ್ಯಾಟಲೇಸ್ ಮಂದವಾಗುತ್ತದೆ. ಪೆರಾಕ್ಸೈಡ್ ಜಾಸ್ತಿಯಾದರೆ ತಾಮ್ರ-ಸತುವಿನ ಎಸ್‌ಒಡಿ ಕೆಡುತ್ತದೆ. ಅಂದರೆ ಎರಡೂ ಒಂದನ್ನೊಂದು ಕಾಯುತ್ತಿರುತ್ತವೆ. ಒಂದು ಬಿದ್ದರೆ ಇನ್ನೊಂದೂ ಬೀಳುವ ದಾರಿ ಹಿಡಿಯುತ್ತದೆ. ಹಾಗಾಗಿ ಅದೇ ವಿಷ, ಅದೇ ಮೀನು, ಮೂರನೇ ದಿನ ನೋಡಿದರೆ ಕ್ಯಾಟಲೇಸ್ ಏರಿರಬಹುದು, ತಿಂಗಳ ಮೇಲೆ ನೋಡಿದರೆ ಇಳಿದಿರಬಹುದು. ನೀವು ಯಾವ ದಿನ ನೋಡಿದಿರಿ ಅನ್ನುವುದೂ ಫಲಿತಾಂಶದ ಭಾಗ.

ಹಂತ 1: ಪ್ರಶ್ನೆ ಮತ್ತು ಅನುಮತಿ

ಎರಡು ಥರದ ಪ್ರಾಜೆಕ್ಟ್ ಸಾಧ್ಯ. ಒಂದು, ತೊಟ್ಟಿಯಲ್ಲಿ ಮೀನು ಸಾಕಿ ವಿಷ ಕೊಟ್ಟು ನೋಡುವುದು. ಇನ್ನೊಂದು, ಮಾಲಿನ್ಯದ ಅನುಮಾನ ಇರುವ ಕೆರೆ ಮತ್ತು ಅಷ್ಟಾಗಿ ಕೆಡದ ಕೆರೆಯ ಮೀನುಗಳನ್ನು ಹೋಲಿಸುವುದು. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಎರಡನೆಯದು. ನಿಷೇಧವಾದ ಕೀಟನಾಶಕವನ್ನು ಎಲ್ಲಿಂದಲೋ ತಂದು ತೊಟ್ಟಿಗೆ ಸುರಿಯುವುದು ಕಾನೂನಿಗೂ ತಪ್ಪು, ಬೇಕಾಗಿಯೂ ಇಲ್ಲ. ಮೊದಲನೆಯದೇ ಮಾಡಬೇಕು ಅಂದರೆ ಪ್ರಮಾಣಿತ ಶುದ್ಧ ವಸ್ತು, ಸರಿಯಾದ ಫ್ಯೂಮ್ ಹುಡ್, ತ್ಯಾಜ್ಯ ಸಾಗಿಸುವ ವ್ಯವಸ್ಥೆ ಇರುವ ಸಂಸ್ಥೆಯಲ್ಲಿ ಮಾಡಿ. ಎರಡರಲ್ಲಿ ಯಾವುದೇ ಇರಲಿ, ಸಂಸ್ಥೆಯ ಪ್ರಾಣಿ ನೀತಿ ಸಮಿತಿಯನ್ನು ಕೆಲಸ ಶುರು ಮಾಡುವ ಮೊದಲೇ ಕೇಳಿ. ಮೀನು ತಾನೇ ಅಂತ ಬಿಡಬೇಡಿ.

ತೊಟ್ಟಿ ಪ್ರಯೋಗ ಮಾಡುವವರಿಗೆ ಮೂರು ಮಾತು. ಎಂಡೋಸಲ್ಫಾನ್ ಅನೇಕ ಸಿಹಿನೀರಿನ ಮೀನುಗಳನ್ನು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ನಾಲ್ಕು ದಿನದಲ್ಲಿ ಕೊಲ್ಲುತ್ತದೆ. ಹಾಗಿರುವಾಗ ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿ "ಕ್ಯಾಟಲೇಸ್ ಇಳಿಯಿತು" ಅಂದರೆ, ಸಾಯುತ್ತಿರುವ ಮೀನಿನ ಕಿಣ್ವ ಅಳೆದ ಹಾಗಾಯಿತು. ಎರಡನೆಯದು, ಅಸಿಟೋನ್‌ನಲ್ಲಿ ಕರಗಿಸಿ ಹಾಕುವುದಾದರೆ ಅಸಿಟೋನ್ ಮಾತ್ರ ಹಾಕಿದ ಪ್ರತ್ಯೇಕ ತೊಟ್ಟಿ ಇರಲೇಬೇಕು, ಪ್ರಮಾಣ ಲೀಟರಿಗೆ 100 ಮೈಕ್ರೋಲೀಟರ್ ದಾಟಬಾರದು. ಮೂರನೆಯದು, ಇವು ಪ್ಲಾಸ್ಟಿಕ್‌ಗೂ ರಬ್ಬರ್ ಪೈಪಿಗೂ ಅಂಟುತ್ತವೆ. ಗಾಜಿನ ತೊಟ್ಟಿ ಬಳಸಿ. ನೀವು ಹಾಕಿದ ಪ್ರಮಾಣವೇ ನೀರಿನಲ್ಲಿ ಉಳಿದಿದೆ ಅಂದುಕೊಳ್ಳಬೇಡಿ. ಹಳೇ ಪ್ರಬಂಧಗಳಲ್ಲಿ 35 ಇಸಿ ಅಂತ ಕಂಡರೆ ಅದು ಅಂಗಡಿಯ ದ್ರಾವಣ. ಅದರಲ್ಲಿ ದ್ರಾವಕ, ಎಮಲ್ಸಿಫೈಯರ್ ಎಲ್ಲ ಇರುತ್ತವೆ. ಶುದ್ಧ ವಸ್ತುವಿನ ಫಲಿತಾಂಶದ ಜೊತೆ ಅದನ್ನು ನೇರ ಹೋಲಿಸಬಾರದು.

ಹಂತ 2: ಮೀನು ಆರಿಸುವುದು

ಎರಡೂ ಕೆರೆಯಲ್ಲಿ ಸಿಗುವ ಒಂದೇ ಜಾತಿ ಇರಲಿ. ಜಿಲೇಬಿ ಮೀನು (ತಿಲಾಪಿಯಾ) ನಮ್ಮ ಬಹುತೇಕ ಕೆರೆಗಳಲ್ಲಿ ಸಿಗುತ್ತದೆ, ಗಟ್ಟಿ ಮೀನು, ಶುರು ಮಾಡುವವರಿಗೆ ಒಳ್ಳೆಯದು. ಉದ್ದ, ತೂಕ ಹತ್ತಿರ ಹತ್ತಿರ ಇರಬೇಕು. ಗಂಡು ಹೆಣ್ಣು ಬರೆದುಕೊಳ್ಳಿ. ಮೊಟ್ಟೆ ತುಂಬಿದ ಹೆಣ್ಣು ಮೀನು ಸಾಧ್ಯವಾದರೆ ಬೇಡ, ಯಾಕೆಂದರೆ ಮೊಟ್ಟೆ ಕಟ್ಟುವಾಗ ಕೊಬ್ಬು ಕರಗಿ ಅದರಲ್ಲಿದ್ದ ವಿಷವೂ ಓಡಾಡುತ್ತದೆ. ಹಸಿದ ಮೀನಿನದ್ದೂ ಇದೇ ಕಥೆ.

ಎರಡು ಕೆರೆಯ ಮೀನನ್ನು ಎರಡು ಋತುವಿನಲ್ಲಿ ಹಿಡಿದರೆ ಕೆಲಸ ವ್ಯರ್ಥ. ನೀರಿನ ಬಿಸಿ, ಕರಗಿದ ಆಮ್ಲಜನಕ, ಪಿಎಚ್ ಹಿಡಿದ ಜಾಗದಲ್ಲೇ ಅಳೆದು ಬರೆಯಿರಿ. ಪಾಚಿ ತುಂಬಿದ ಕೆರೆಯಲ್ಲಿ ಬೆಳಗಿನ ಜಾವ ಆಮ್ಲಜನಕ ಪಾತಾಳಕ್ಕೆ ಇಳಿದಿರುತ್ತದೆ, ಮಧ್ಯಾಹ್ನ ಏರಿರುತ್ತದೆ. ಆ ಏರಿಳಿತವೊಂದೇ ಸಾಕು, ಕಿಣ್ವಗಳು ಕುಣಿಯಲು. ಎರಡೂ ಕಡೆ ಒಂದೇ ಹೊತ್ತಿಗೆ ಬಲೆ ಹಾಕಿಸಿ.

ಹಂತ 3: ಅಂಗಾಂಶ ತೆಗೆಯುವುದು

ಎಲ್ಲಕ್ಕಿಂತ ಜಾಸ್ತಿ ಕೆಲಸ ಕೆಡುವುದು ಇಲ್ಲೇ. ಸತ್ತು ಗಂಟೆಯಾದ ಮೀನಿನ ಲಿವರ್ ಬೇಡ. ಜೀವಂತ ಮೀನಿಗೆ ಸಮಿತಿ ಒಪ್ಪಿದ ಅರಿವಳಿಕೆ ಕೊಟ್ಟು ಕೊಂದು, ಕೂಡಲೇ ತೆಗೆಯಿರಿ. ಲವಂಗದ ಎಣ್ಣೆ ಅಗ್ಗ, ಸುಲಭ, ನಿಜ. ಆದರೆ ಅದರ ಯೂಜಿನಾಲ್ ಸ್ವತಃ ಆಂಟಿಆಕ್ಸಿಡೆಂಟ್. ಬಳಸಿದರೆ ಎಲ್ಲಾ ಮೀನಿಗೂ ಒಂದೇ ಪ್ರಮಾಣ, ಒಂದೇ ಸಮಯ ಇರಲಿ, ಮತ್ತು ವರದಿಯಲ್ಲಿ ಬರೆಯಿರಿ.

ಹೊಟ್ಟೆ ಕೊಯ್ಯುವಾಗ ಪಿತ್ತಕೋಶ ಒಡೆಯದಂತೆ ನೋಡಿಕೊಳ್ಳಿ. ಒಡೆದು ಹಸಿರು ಪಿತ್ತ ಲಿವರ್ ಮೇಲೆ ಹರಿದರೆ ಆ ಭಾಗ ಬಿಟ್ಟುಬಿಡಿ. ರೋಹು, ಗೆಂಡೆಯಂಥ ಮೀನುಗಳಲ್ಲಿ ಲಿವರ್ ಮತ್ತು ಮೇದೋಜೀರಕ ಬೆರೆತು ಕರುಳಿನ ಸುತ್ತ ಹರಡಿರುತ್ತವೆ. ಅದರಲ್ಲಿ ಪ್ರೋಟೀನ್ ಜೀರ್ಣಿಸುವ ಕಿಣ್ವಗಳೂ ಇರುವುದರಿಂದ ಬಫರ್‌ಗೆ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣಕ್ಕೆ) ಅವನ್ನು ತಡೆಯುವ ಪಿಎಂಎಸ್‌ಎಫ್ ಹಾಕಬೇಕು. ಇಲ್ಲವಾದರೆ ನೀವು ಅಳೆಯಬೇಕಾದ ಕಿಣ್ವವನ್ನು ಅವು ತಿಂದು ಮುಗಿಸುತ್ತವೆ.

ತೆಗೆದ ಲಿವರನ್ನು ತಣ್ಣನೆಯ ಸಲೈನ್‌ನಲ್ಲಿ ರಕ್ತ ಹೋಗುವವರೆಗೆ ತೊಳೆಯಿರಿ. ಕೆಂಪು ರಕ್ತಕಣಗಳಲ್ಲಿ ಕ್ಯಾಟಲೇಸ್ ಇರುತ್ತದೆ. ಒಂದು ಮಾದರಿ ಬಿಳಿಚಿಕೊಂಡು ಇನ್ನೊಂದು ಕೆಂಪಗಿದ್ದರೆ, ನೀವು ನೋಡುವ ವ್ಯತ್ಯಾಸ ವಿಷದ್ದಲ್ಲ, ತೊಳೆದ ಕೈಯದ್ದು. ಆಮೇಲೆ ಫಿಲ್ಟರ್ ಕಾಗದದಲ್ಲಿ ಒತ್ತಿ, ತೂಕ ಮಾಡಿ, ಹೆಸರು ಬರೆದ ಟ್ಯೂಬಿನಲ್ಲಿ ಐಸ್ ಮೇಲೆ ಇಡಿ. ಅದೇ ದಿನ ಕೆಲಸ ಮುಗಿಸುವುದು ಉತ್ತಮ. ಇಡಲೇಬೇಕಾದರೆ ಮೈನಸ್ 80 ಡಿಗ್ರಿ. ಕ್ಯಾಂಟೀನಿನ ಐಸ್‌ಕ್ರೀಂ ಫ್ರೀಜರ್ ಇದಕ್ಕೆ ಆಗುವುದಿಲ್ಲ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ಹಾಗಾಗಿ ಮೊದಲೇ ಸಣ್ಣ ಸಣ್ಣ ಭಾಗ ಮಾಡಿ ಇಡಿ. ಕಿವಿರನ್ನೂ ಒಂದಿಷ್ಟು ತೆಗೆದಿಟ್ಟುಕೊಳ್ಳಿ. ನೀರಿನ ವಿಷ ಮೊದಲು ತಾಗುವುದು ಅಲ್ಲಿಗೇ ಅಲ್ವಾ?

ಲಿವರ್‌ನ ಒಂದು ಭಾಗ, ಹೊಟ್ಟೆಯ ಕೊಬ್ಬಿನ ಒಂದು ಭಾಗ ರಾಸಾಯನಿಕ ಪರೀಕ್ಷೆಗೆ ಬೇರೆ ಇಡಿ. ಅದನ್ನು ಪ್ಲಾಸ್ಟಿಕ್‌ನಲ್ಲಿ ಹಾಕದೆ, ದ್ರಾವಕದಲ್ಲಿ ತೊಳೆದ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಗಾಜಿನ ಬಾಟಲಿಯಲ್ಲಿ ಹಾಕಿ. ಆರ್ಗನೋಕ್ಲೋರಿನ್ ಗುರುತಿಸಲು ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಇರುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಬೇಕು. ಅದು ನಿಮ್ಮಲ್ಲಿ ಇಲ್ಲದಿದ್ದರೆ ಹಣ ಕೊಟ್ಟಾದರೂ ಹೊರಗೆ ಮಾಡಿಸಿ. ಈ ಅಂಕಿ ಇಲ್ಲದೆ "ಆರ್ಗನೋಕ್ಲೋರಿನ್‌ನಿಂದಲೇ ಹೀಗಾಗಿದೆ" ಅಂತ ಬರೆಯಲು ಬರುವುದಿಲ್ಲ. ಸೀಸ, ಕ್ಯಾಡ್ಮಿಯಂ, ಚರಂಡಿ ನೀರು, ಎಲ್ಲವೂ ಇದೇ ಕಿಣ್ವಗಳನ್ನು ಅಲುಗಿಸುತ್ತವೆ.

ಹಂತ 4: ಅರೆದು ತಿಳಿ ತೆಗೆಯುವುದು

50 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 7.4, ಜೊತೆಗೆ 1 ಮಿಲಿಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ವಸ್ತು). ಒಂದು ಗ್ರಾಂ ಲಿವರ್‌ಗೆ ಒಂಬತ್ತು ಮಿ.ಲೀ. ಬಫರ್. ಟೆಫ್ಲಾನ್ ಹಿಡಿಯ ಗಾಜಿನ ಹೋಮೋಜಿನೈಜರನ್ನು ಐಸ್‌ನಲ್ಲಿ ಇಟ್ಟುಕೊಂಡೇ ಅರೆಯಿರಿ. ಎಲ್ಲಾ ಮಾದರಿಯನ್ನೂ ಲೆಕ್ಕ ಹಾಕಿ ಅಷ್ಟಷ್ಟೇ ಸಲ ಕುಟ್ಟಿ. ಕ್ಯಾಟಲೇಸ್ ಜಾಸ್ತಿ ಇರುವುದು ಪೆರಾಕ್ಸಿಸೋಮ್ ಎಂಬ, ಜೀವಕೋಶದ ಪುಟ್ಟ ಚೀಲಗಳ ಒಳಗೆ. ಅದು ಹೊರಬರಬೇಕಾದರೆ ಕ್ಯಾಟಲೇಸ್‌ಗೆ ಇಟ್ಟ ಭಾಗಕ್ಕೆ ಶೇಕಡಾ 0.1 ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕುವುದು ಒಳ್ಳೆಯದು.

ಬಫರ್ ಕೆಡದಿರಲಿ ಅಂತ ಕೆಲವು ಲ್ಯಾಬ್‌ಗಳಲ್ಲಿ ಸೋಡಿಯಂ ಅಜೈಡ್ ಹಾಕಿಟ್ಟಿರುತ್ತಾರೆ. ಅಜೈಡ್ ಕ್ಯಾಟಲೇಸನ್ನು ತಡೆಯುತ್ತದೆ. ರೀಡಿಂಗ್ ಸೊನ್ನೆಗೆ ಬಂದು ಎಲ್ಲರೂ ತಲೆ ಕೆಡಿಸಿಕೊಳ್ಳುವ ಮೊದಲು ಬಾಟಲಿಯ ಲೇಬಲ್ ಓದಿ. ಸಾಧ್ಯವಾದರೆ ಬಫರ್ ನೀವೇ ಹೊಸದಾಗಿ ಮಾಡಿ.

ಸ್ವಲ್ಪ ಹೋಮೋಜಿನೇಟನ್ನು (ಅರೆದ ದ್ರವವನ್ನು) ಹಾಗೇ ಎತ್ತಿಡಿ, ಕೊಬ್ಬಿನ ಹಾನಿ ಅಳೆಯಲು ಬೇಕು. ಉಳಿದದ್ದನ್ನು 4 ಡಿಗ್ರಿಯಲ್ಲಿ 10,000 ಜಿ ವೇಗದಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಜಿ (ಗುರುತ್ವದ ಎಷ್ಟು ಪಟ್ಟು ಬಲ) ಬೇರೆ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬೇರೆ. ಜಿ ಕಂಡುಹಿಡಿಯಲು 0.00001118ನ್ನು ರೋಟರ್‌ನ ತ್ರಿಜ್ಯದಿಂದ, ಅಂದರೆ ಸೆಂಟಿಮೀಟರ್‌ನಲ್ಲಿ, ಗುಣಿಸಿ, ಬಂದದ್ದನ್ನು ಆರ್‌ಪಿಎಂನ ವರ್ಗದಿಂದ ಗುಣಿಸಿ. ತ್ರಿಜ್ಯ 8 ಸೆಂ.ಮೀ. ಇದ್ದರೆ 10,000 ಆರ್‌ಪಿಎಂಗೆ ಸಿಗುವುದು ಸುಮಾರು 8,900 ಜಿ. ಮೇಲೆ ತೇಲುವ ಕೊಬ್ಬಿನ ಪದರ ಬಿಟ್ಟು ಕೆಳಗಿನ ತಿಳಿಯನ್ನು ಎತ್ತಿಕೊಳ್ಳಿ.

ನಿಜವಾದ ಮಾದರಿಗೆ ಕೈ ಹಾಕುವ ಮೊದಲು ಮಟನ್ ಅಂಗಡಿಯಿಂದ ತಾಜಾ ಕುರಿ ಲಿವರ್ ತಂದು ಇಡೀ ಪ್ರಯೋಗ ಅಭ್ಯಾಸ ಮಾಡಿ. ಕೈ ಕೂರುತ್ತದೆ, ರಾಸಾಯನಿಕಗಳು ಸರಿ ಇವೆಯೇ ಅಂತಲೂ ಗೊತ್ತಾಗುತ್ತದೆ.

ಹಂತ 5: ಕ್ಯಾಟಲೇಸ್

ಇದು ಸರಳ, ಆದರೆ ವೇಗದ ಪ್ರಯೋಗ. ಹೈಡ್ರೋಜನ್ ಪೆರಾಕ್ಸೈಡ್ 240 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. ಕ್ಯಾಟಲೇಸ್ ಅದನ್ನು ಒಡೆದ ಹಾಗೆ ಸ್ಪೆಕ್ಟ್ರೋಫೋಟೋಮೀಟರ್ ರೀಡಿಂಗ್ ಇಳಿಯುತ್ತದೆ. ಇದು 1984ರಲ್ಲಿ ಏಬಿ ವಿವರಿಸಿದ ವಿಧಾನ. ಬಫರ್ 50 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 7.0. ಕ್ಯುವೆಟ್ (ಯಂತ್ರಕ್ಕೆ ಇಡುವ ಸಣ್ಣ ಪಾತ್ರೆ) ಒಳಗೆ ಪೆರಾಕ್ಸೈಡ್ ಕೊನೆಗೆ 10 ಮಿಲಿಮೋಲಾರ್ ಇರಬೇಕು.

ಕ್ಯುವೆಟ್ ಕ್ವಾರ್ಟ್ಜ್‌ನದೇ ಆಗಬೇಕು. ಮಾಮೂಲಿ ಗಾಜು, ಪ್ಲಾಸ್ಟಿಕ್ 240ರಲ್ಲಿ ತಾವೇ ಬೆಳಕು ತಡೆಯುತ್ತವೆ. ಬಾಟಲಿ ಮೇಲೆ ಶೇಕಡಾ 30 ಅಂತ ಬರೆದಿದ್ದ ಮಾತ್ರಕ್ಕೆ ಪೆರಾಕ್ಸೈಡ್ ಅಷ್ಟೇ ಇರುವುದಿಲ್ಲ, ತೆರೆದಿಟ್ಟು ಹಳತಾದರೆ ಇಳಿಯುತ್ತದೆ. ದುರ್ಬಲಗೊಳಿಸಿದ ಮೇಲೆ ರೀಡಿಂಗ್ ನೋಡಿ. 10 ಮಿಲಿಮೋಲಾರ್‌ಗೆ ಸುಮಾರು 0.44 ಬರಬೇಕು. ಬರದಿದ್ದರೆ ಸರಿಪಡಿಸಿಕೊಳ್ಳಿ. ಕಿಣ್ವ ಹಾಕಿ, ಮಗುಚಿ, ಮೊದಲ 30 ಸೆಕೆಂಡಿನ ಇಳಿಕೆ ಮಾತ್ರ ತೆಗೆದುಕೊಳ್ಳಿ. ಆಮೇಲೆ ರೇಖೆ ಬಾಗುತ್ತದೆ, ಆಮ್ಲಜನಕದ ಗುಳ್ಳೆ ಬೇರೆ ಬರುತ್ತವೆ. ಗುಳ್ಳೆ ಬೇಗ ಬಂದರೆ ಮಾದರಿ ಗಟ್ಟಿಯಾಗಿದೆ, ಇನ್ನಷ್ಟು ನೀರಾಗಿಸಿ.

ಲೆಕ್ಕಕ್ಕೆ ಒಂದು ಕಲ್ಪಿತ ಉದಾಹರಣೆ. ನಿಮಿಷಕ್ಕೆ ಇಳಿಕೆ 0.12. ಪೆರಾಕ್ಸೈಡ್‌ನ ಗುಣಾಂಕ, ಅಂದರೆ ಅದು ಎಷ್ಟು ಬೆಳಕು ಹೀರುತ್ತದೆ ಅನ್ನುವ ಸಂಖ್ಯೆ, ಪ್ರತಿ ಮಿಲಿಮೋಲಾರ್‌ಗೆ 0.0436. ಭಾಗಿಸಿದರೆ ನಿಮಿಷಕ್ಕೆ 2.75 ಮಿಲಿಮೋಲಾರ್. ಕ್ಯುವೆಟ್‌ನಲ್ಲಿ 3 ಮಿ.ಲೀ. ಇದ್ದರೆ 8.26 ಮೈಕ್ರೋಮೋಲ್. ಇಷ್ಟು ಕೆಲಸ ಮಾಡಿದ್ದು 50 ಮೈಕ್ರೋಲೀಟರ್ ಮಾದರಿ, ಹಾಗಾಗಿ ಒಂದು ಮಿ.ಲೀ.ಗೆ 165. ಅದರಲ್ಲಿ ಪ್ರೋಟೀನ್ 8 ಮಿಲಿಗ್ರಾಂ ಇದ್ದರೆ, ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ 20.6 ಯೂನಿಟ್ (ಇಲ್ಲಿ ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್). ಮಾದರಿಯನ್ನು ಮೊದಲೇ ನೀರಾಗಿಸಿದ್ದರೆ ಆ ಗುಣಕವನ್ನೂ ಸೇರಿಸಬೇಕು. ಕೆಲವರು 0.0436 ಬದಲು 0.0394 ಅಥವಾ 0.04 ಹಾಕುತ್ತಾರೆ. ಯಾವುದು ಹಾಕಿದಿರಿ ಅಂತ ಬರೆಯಿರಿ, ಇಲ್ಲದಿದ್ದರೆ ನಿಮ್ಮ ಅಂಕಿಯನ್ನು ಬೇರೆಯವರದ್ದರ ಜೊತೆ ಹೋಲಿಸಲು ಆಗುವುದಿಲ್ಲ.

ಪ್ರೋಟೀನ್ ಅಳತೆಗೆ ಲೌರಿ ಅಥವಾ ಬ್ರ್ಯಾಡ್‌ಫೋರ್ಡ್, ಯಾವುದಾದರೂ ಆದೀತು. ಇಡಿಟಿಎ ಲೌರಿ ವಿಧಾನಕ್ಕೆ ಅಡ್ಡ ಬರುತ್ತದೆ, ಟ್ರೈಟಾನ್ ಎರಡಕ್ಕೂ ಅಡ್ಡ ಬರುತ್ತದೆ. ಆದ್ದರಿಂದ ಸ್ಟ್ಯಾಂಡರ್ಡ್‌ಗಳನ್ನೂ ಅದೇ ಬಫರ್‌ನಲ್ಲಿ ಮಾಡಿ.

ಹಂತ 6: ಎಸ್‌ಒಡಿ

ನೇರವಾಗಿ ಅಳೆಯಲು ಆಗುವುದಿಲ್ಲ, ಸೂಪರ್‌ಆಕ್ಸೈಡ್ ಅಷ್ಟು ಹೊತ್ತು ಬದುಕುವುದಿಲ್ಲ. ಅದಕ್ಕೆ ಬಳಸು ದಾರಿ. ಪೈರೋಗಾಲಾಲ್ ಪಿಎಚ್ 8.2ರಲ್ಲಿ ತಾನಾಗಿಯೇ ಆಕ್ಸಿಡೀಕರಣವಾಗಿ ಹಳದಿಗೆ ತಿರುಗುತ್ತದೆ. 420 ನ್ಯಾನೋಮೀಟರ್‌ನಲ್ಲಿ ಅದು ಕಾಣುತ್ತದೆ. ಎಸ್‌ಒಡಿ ಇದ್ದರೆ ಈ ಬಣ್ಣ ನಿಧಾನವಾಗುತ್ತದೆ. 1974ರ ಮಾರ್ಕ್‌ಲಂಡ್ ವಿಧಾನ ಇದು. ಅರ್ಧದಷ್ಟು ತಡೆಯುವ ಕಿಣ್ವಕ್ಕೆ ಒಂದು ಯೂನಿಟ್.

ಪೈರೋಗಾಲಾಲನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಗಲೇ ಕರಗಿಸಿ, ಫಾಯಿಲ್ ಸುತ್ತಿ ಐಸ್‌ನಲ್ಲಿಡಿ. ಮಾದರಿ ಇಲ್ಲದ ಕ್ಯುವೆಟ್‌ನಲ್ಲಿ ರೀಡಿಂಗ್ ನಿಮಿಷಕ್ಕೆ ಸುಮಾರು 0.02ರಷ್ಟು ಏರುವಂತೆ ಪ್ರಮಾಣ ಹೊಂದಿಸಿಕೊಳ್ಳಿ, ಮತ್ತು ಪ್ರತಿ ಕೆಲವು ಮಾದರಿಗೊಮ್ಮೆ ಅದನ್ನು ಮತ್ತೆ ನೋಡಿ. ಕಿಣ್ವ ದುಪ್ಪಟ್ಟು ಹಾಕಿದರೆ ತಡೆ ದುಪ್ಪಟ್ಟಾಗುವುದಿಲ್ಲ, ಇದು ನೇರ ರೇಖೆಯಲ್ಲ. ಪ್ರತಿ ಮಾದರಿಯನ್ನೂ ಎರಡು ಮೂರು ಪ್ರಮಾಣದಲ್ಲಿ ಹಾಕಿ, ತಡೆ ಶೇಕಡಾ 30ರಿಂದ 60ರ ಒಳಗೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಶೇಕಡಾ 90 ತಡೆ ಬಂತು ಅಂತ ಖುಷಿಪಡಬೇಡಿ.

ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಲ್ಯಾಬ್ 38 ಡಿಗ್ರಿ ಇರುತ್ತದೆ. ಬಿಸಿ ನಿಯಂತ್ರಣ ಇಲ್ಲದ ಯಂತ್ರವಾದರೆ ಬೆಳಗ್ಗೆಯೇ ಓದಿ. ಒಳ್ಳೆಯ ಕೆರೆಯದ್ದನ್ನೆಲ್ಲ ಬೆಳಗ್ಗೆ, ಕೆಟ್ಟ ಕೆರೆಯದ್ದನ್ನೆಲ್ಲ ಮಧ್ಯಾಹ್ನ ಮಾಡಬೇಡಿ, ಬೆರೆಸಿ ಓದಿ.

ಹಂತ 7: ಜಿಎಸ್‌ಟಿ ಮತ್ತು ಉಳಿದವು

ಜಿಎಸ್‌ಟಿ ಸುಲಭ, ಬಿಡಬೇಡಿ. ಸಿಡಿಎನ್‌ಬಿ (ಜಿಎಸ್‌ಟಿ ಗ್ಲುಟಾಥಯೋನ್ ಜೋಡಿಸುವುದು ಈ ರಾಸಾಯನಿಕಕ್ಕೆ) ಮತ್ತು ಗ್ಲುಟಾಥಯೋನ್ ತಲಾ 1 ಮಿಲಿಮೋಲಾರ್, ಪಿಎಚ್ 6.5, 340 ನ್ಯಾನೋಮೀಟರ್, ಗುಣಾಂಕ 9.6. ಕಿಣ್ವ ಇಲ್ಲದೆಯೂ ಸ್ವಲ್ಪ ಪ್ರತಿಕ್ರಿಯೆ ನಡೆಯುತ್ತದೆ, ಅದನ್ನು ಕಳೆಯಬೇಕು. ಸಿಡಿಎನ್‌ಬಿ ಚರ್ಮಕ್ಕೆ ತಾಗಿದರೆ ಅಲರ್ಜಿ ತರುತ್ತದೆ, ಕೈಗವಸು ಕಡ್ಡಾಯ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅಳೆಯಲು ಎನ್‌ಎಡಿಪಿಎಚ್ ಎಂಬ ರಾಸಾಯನಿಕ ಬೇಕು, ದುಬಾರಿ. ದುಡ್ಡಿಲ್ಲದಿದ್ದರೆ ಅದರ ಬದಲು ರಿಡ್ಯೂಸ್ಡ್ (ಇನ್ನೂ ಬಳಕೆಯಾಗದ) ಗ್ಲುಟಾಥಯೋನನ್ನೇ ಎಲ್‌ಮನ್ ರಿಏಜೆಂಟ್‌ನಿಂದ 412ರಲ್ಲಿ ಅಳೆಯಿರಿ. ಅದೂ ತುಂಬ ಹೇಳುತ್ತದೆ.

ಹಂತ 8: ಹಾನಿಯ ಅಳತೆ

ಕಿಣ್ವಗಳು ರಕ್ಷಣೆಯ ಕಥೆ ಹೇಳುತ್ತವೆ. ಪೆಟ್ಟು ಬಿತ್ತೋ ಇಲ್ಲವೋ ಅಂತ ಹೇಳುವುದು ಬೇರೆ ಅಳತೆ. ಅದಿಲ್ಲದೆ ಇಡೀ ಕೆಲಸ ಅರ್ಧ. ಕೊಬ್ಬು ಆಕ್ಸಿಡೀಕರಣವಾದಾಗ ಮ್ಯಾಲೊನ್‌ಡೈಆಲ್ಡಿಹೈಡ್ ಹುಟ್ಟುತ್ತದೆ. ಅದು ಥಯೋಬಾರ್ಬಿಟ್ಯೂರಿಕ್ ಆಮ್ಲದ ಜೊತೆ ಕಾದರೆ ಗುಲಾಬಿ ಬಣ್ಣ, 532 ನ್ಯಾನೋಮೀಟರ್. ಇದಕ್ಕೆ ಎತ್ತಿಟ್ಟ ಹೋಮೋಜಿನೇಟನ್ನೇ ಬಳಸಿ. ತಿಳಿಯಲ್ಲಿ ಕೊಬ್ಬಿನ ಪೊರೆಗಳು ಹೋಗಿಬಿಟ್ಟಿರುತ್ತವೆ. ಕಾಯಿಸುವಾಗಲೇ ಹೊಸ ಆಕ್ಸಿಡೀಕರಣ ಆಗದಿರಲು ಬಿಎಚ್‌ಟಿ ಎಂಬ ಆಂಟಿಆಕ್ಸಿಡೆಂಟ್ ಸ್ವಲ್ಪ ಹಾಕಿ. ಸಕ್ಕರೆ, ಪಿತ್ತದ ಬಣ್ಣ ಕೂಡ ಗೊಂದಲ ಮಾಡುತ್ತವೆ, ಅದಕ್ಕೇ ಪಿತ್ತಕೋಶದ ಬಗ್ಗೆ ಮೊದಲೇ ಹೇಳಿದ್ದು.

ಹಂತ 9: ಅಂಕಿಗಳನ್ನು ಓದುವುದು

ಈಗ ನಿಮ್ಮ ಕೈಯಲ್ಲಿ ಎಸ್‌ಒಡಿ, ಕ್ಯಾಟಲೇಸ್, ಜಿಎಸ್‌ಟಿ, ಗ್ಲುಟಾಥಯೋನ್, ಕೊಬ್ಬಿನ ಹಾನಿ, ವಿಷದ ಪ್ರಮಾಣ ಇವೆ. ಒಂದೊಂದಕ್ಕೂ ಬೇರೆ ಬೇರೆ ಬಾರ್ ಚಾರ್ಟ್ ಮಾಡಿ, ಬೇರೆ ಬೇರೆ ಪ್ಯಾರಾ ಬರೆಯುವುದೇ ಎಲ್ಲರೂ ಮಾಡುವ ಕೆಲಸ. ಹಾಗೆ ಮಾಡಬೇಡಿ, ಒಟ್ಟಿಗೆ ಓದಿ.

ಎಸ್‌ಒಡಿ, ಕ್ಯಾಟಲೇಸ್ ಎರಡೂ ಏರಿವೆ, ಕೊಬ್ಬಿನ ಹಾನಿ ಏರಿಲ್ಲ ಅಂದರೆ ಮೀನು ಒತ್ತಡ ಕಂಡಿದೆ, ಸದ್ಯಕ್ಕೆ ನಿಭಾಯಿಸುತ್ತಿದೆ. ಇದನ್ನು "ತೀವ್ರ ಹಾನಿ" ಅಂತ ಬರೆಯುವುದು ತಪ್ಪು.

ಎಸ್‌ಒಡಿ ಏರಿದೆ, ಕ್ಯಾಟಲೇಸ್ ಇಳಿದಿದೆ ಅಂದರೆ ಹುಷಾರು. ಮೇಲಿನ ಕೆರೆಯ ತೂಬು ಎತ್ತಿ ಕೆಳಗಿನ ಕೆರೆಯ ಕೋಡಿ ಕಟ್ಟಿದ ಹಾಗೆ. ಪೆರಾಕ್ಸೈಡ್ ಹುಟ್ಟುತ್ತಲೇ ಇದೆ, ಹೋಗುತ್ತಿಲ್ಲ. ಕಬ್ಬಿಣದ ಅಯಾನು ಸಿಕ್ಕರೆ ಅದರಿಂದ ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ, ಅದನ್ನು ತಡೆಯುವ ಕಿಣ್ವ ಯಾವುದೂ ಇಲ್ಲ. ಇಂಥ ಕಡೆ ಕೊಬ್ಬಿನ ಹಾನಿಯ ಅಂಕಿ ಸಾಮಾನ್ಯವಾಗಿ ಏರಿರುತ್ತದೆ. ಏರಿಲ್ಲದಿದ್ದರೆ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಆ ಹೊರೆ ಹೊತ್ತಿರಬಹುದು, ಆಗ ಗ್ಲುಟಾಥಯೋನ್ ಇಳಿದಿದೆಯೇ ನೋಡಿ.

ಎಲ್ಲಾ ಕಿಣ್ವಗಳೂ ಇಳಿದು ಹಾನಿ ಏರಿದ್ದರೆ ರಕ್ಷಣೆ ಕುಸಿದಿದೆ ಅನ್ನಬಹುದು. ಆದರೆ ಎಲ್ಲವೂ ಇಳಿದು ಹಾನಿಯೂ ಏರದಿದ್ದರೆ ಮೊದಲು ನಿಮ್ಮ ಫ್ರೀಜರ್ ಮೇಲೆ ಅನುಮಾನಪಡಿ, ಆಮೇಲೆ ವಿಷದ ಮೇಲೆ.

ಜಿಎಸ್‌ಟಿ ಮಾತ್ರ ಏರಿ ಉಳಿದದ್ದು ಹಾಗೇ ಇದ್ದರೆ ಮೀನು ಯಾವುದೋ ಹೊರವಸ್ತುವನ್ನು ಸಾಗಹಾಕುತ್ತಿದೆ. ಇದು ವಿಷ ತಾಗಿದ್ದಕ್ಕೆ ಗುರುತು, ಹಾನಿಗೆ ಅಲ್ಲ.

ಇನ್ನೊಂದು ಬಲೆ ಇದೆ. ಸಂಖ್ಯೆಗಳನ್ನು ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ ಹೇಳುತ್ತೇವೆ. ವಿಷದಿಂದ ಲಿವರ್‌ನ ಒಟ್ಟು ಪ್ರೋಟೀನೇ ಇಳಿದಿದ್ದರೆ, ಕಿಣ್ವ ಅಷ್ಟೇ ಇದ್ದರೂ ಭಾಗಿಸಿದ ಸಂಖ್ಯೆ ಏರಿದ ಹಾಗೆ ಕಾಣುತ್ತದೆ. ಪ್ರತಿ ಗ್ರಾಂ ಅಂಗಾಂಶಕ್ಕೆ ಎಷ್ಟು ಅನ್ನುವುದನ್ನೂ ಪಕ್ಕದಲ್ಲಿ ಕೊಡಿ. ಎರಡೂ ಒಂದೇ ದಿಕ್ಕಿಗೆ ಹೋದರೆ ಧೈರ್ಯವಾಗಿ ಬರೆಯಿರಿ.

ಸಂಖ್ಯಾಶಾಸ್ತ್ರದ ಬಗ್ಗೆ ಎರಡೇ ಮಾತು. ಒಂದು ಮೀನಿನ ಮಾದರಿಯನ್ನು ಮೂರು ಸಲ ಓದಿದರೆ ಅದು ಮೂರು ಮೀನು ಆಗುವುದಿಲ್ಲ. ಒಂದೇ ತೊಟ್ಟಿಯಲ್ಲಿ ಎಂಟು ಮೀನಿಟ್ಟು ವಿಷ ಕೊಟ್ಟರೆ ಅದು ಎಂಟು ಪ್ರಯೋಗವೂ ಆಗುವುದಿಲ್ಲ, ಒಂದು ತೊಟ್ಟಿ ಅಷ್ಟೇ. ಕೆರೆಗಳ ವಿಷಯದಲ್ಲೂ ಹೀಗೆಯೇ. ಒಂದು ಕೆರೆಗೆ ಒಂದು ಕೆರೆ ಹೋಲಿಸಿದರೆ ಆ ಎರಡು ಕೆರೆಗಳ ಬಗ್ಗೆ ಮಾತ್ರ ಹೇಳಬಹುದು.

ಹಂತ 10: ತೊಳೆಯುವುದು, ಬರೆಯುವುದು

ಆರ್ಗನೋಕ್ಲೋರಿನ್ ತಾಗಿದ ದ್ರಾವಣ, ಅಸಿಟೋನ್ ತೊಳೆದ ನೀರು ಯಾವುದೂ ಸಿಂಕ್‌ಗೆ ಹೋಗಬಾರದು. ಬಿಗಿ ಮುಚ್ಚಳದ ಗಾಜಿನ ಕ್ಯಾನ್‌ನಲ್ಲಿ ಸೇರಿಸಿ, ಲೇಬಲ್ ಹಚ್ಚಿ, ಅಪಾಯಕಾರಿ ತ್ಯಾಜ್ಯಕ್ಕೆ ಕೊಡಿ. ಉಳಿದ ಮೀನಿನ ದೇಹವನ್ನು ಯಾರೂ ಮನೆಗೆ ಒಯ್ಯದಂತೆ, ಕ್ಯಾಂಪಸ್ ನಾಯಿಗಳಿಗೆ ಸಿಗದಂತೆ ನೋಡಿಕೊಳ್ಳಿ.

ವರದಿಯ ತೀರ್ಮಾನ ಹೀಗಿರಲಿ: "ಈ ಕೆರೆಯ ಜಿಲೇಬಿ ಮೀನಿನ ಲಿವರ್‌ನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಇಷ್ಟಿತ್ತು. ಹೋಲಿಕೆಯ ಕೆರೆಗಿಂತ ಎಸ್‌ಒಡಿ ಇಷ್ಟು ಏರಿತ್ತು, ಕ್ಯಾಟಲೇಸ್ ಇಷ್ಟು ಇಳಿದಿತ್ತು, ಕೊಬ್ಬಿನ ಹಾನಿ ಇಷ್ಟು ಏರಿತ್ತು. ನೀರಿನ ಬಿಸಿ ಮತ್ತು ಆಮ್ಲಜನಕ ಎರಡೂ ಕಡೆ ಹತ್ತಿರದಲ್ಲಿತ್ತು. ಭಾರಲೋಹ ಅಳೆದಿಲ್ಲ." ವೈವಾದಲ್ಲಿ ಪರೀಕ್ಷಕರು ಆ ಕೊನೆಯ ಸಾಲನ್ನೇ ಹಿಡಿದು ಕೇಳುತ್ತಾರೆ. ಸೀಸ, ಕ್ಯಾಡ್ಮಿಯಂ ಇದ್ದರೂ ಇದೇ ಚಿತ್ರ ಬರಬಹುದಿತ್ತು, ಮುಂದಿನ ಸಲ ಅದೇ ಲಿವರ್‌ನ ಉಳಿದ ಭಾಗದಲ್ಲಿ ಅದನ್ನೂ ಅಳೆಯುತ್ತೇವೆ ಅಂತ ನೇರವಾಗಿ ಹೇಳಿ.